ಐಡಾ ವೆಲ್ಸ್ ಬರೆದಿಟ್ಟ ಕೆಂಪು ಲೆಕ್ಕ

ಅಮೆರಿಕದ ಆರಂಭಕಾಲದ ವರದಿಗಾರ್ತಿಯರ ಮಾತು ಬಂದರೆ ನಮಗೆ ಥಟ್ಟನೆ ನೆನಪಾಗುವುದು ನೆಲ್ಲಿ ಬ್ಲೈ. 1887ರಲ್ಲಿ ಹುಚ್ಚಿಯಂತೆ ನಟಿಸಿ ನ್ಯೂಯಾರ್ಕಿನ ಹುಚ್ಚಾಸ್ಪತ್ರೆ ಸೇರಿ ಅಲ್ಲಿನ ಕ್ರೌರ್ಯವನ್ನು ಬಯಲಿಗೆಳೆದಾಕೆ. ಅದಕ್ಕೂ ಬಹಳ ಹಿಂದೆ ವಾಷಿಂಗ್ಟನ್ನಿನ ಬರಹಗಾರ್ತಿ ಆನ್ ರಾಯಲ್‌ಗೆ 1829ರಲ್ಲಿ 'ಬಾಯಿಬಡುಕಿ' ಎಂಬ ಅಪರಾಧಕ್ಕಾಗಿ ಹತ್ತು ಡಾಲರ್ ದಂಡ ಬಿದ್ದಿತ್ತು. (ಗಂಡಸರೂ ಬಾಯಿಬಡುಕರಾಗಬಹುದೆಂದು ಆ ಕಾನೂನಿಗೆ ಹೊಳೆದೇ ಇರಲಿಲ್ಲ!) ರಾಯಲ್ ಸುಮ್ಮನಾಗಲಿಲ್ಲ, 1831ರಲ್ಲಿ ಸ್ವಂತ ಪತ್ರಿಕೆಯನ್ನೇ ಹೊರಡಿಸಿದರು.

ಆದರೆ ನಾವು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಐಡಾ ಬಿ. ವೆಲ್ಸ್ ಅವರನ್ನು.

1862ರಲ್ಲಿ ಮಿಸಿಸಿಪ್ಪಿಯಲ್ಲಿ ಗುಲಾಮರ ಮಗಳಾಗಿ ಹುಟ್ಟಿದವರು. ಹದಿನಾರರ ವಯಸ್ಸಿನಲ್ಲಿ ಹಳದಿ ಜ್ವರ ತಂದೆತಾಯಿಗಳಿಬ್ಬರನ್ನೂ ಕಿತ್ತುಕೊಂಡಿತು. ತಮ್ಮ ತಂಗಿಯರನ್ನು ಸಾಕಲು ಮೇಷ್ಟ್ರ ಕೆಲಸಕ್ಕೆ ಸೇರಿದರು. 1884ರಲ್ಲಿ ರೈಲಿನ ಮಹಿಳಾ ಬೋಗಿಯಿಂದ ತಮ್ಮನ್ನು ಎಳೆದುಹಾಕಿದ ಕಂಪನಿಯ ಮೇಲೆ ದಾವೆ ಹೂಡಿ ಗೆದ್ದರು. 1887ರಲ್ಲಿ ಟೆನೆಸ್ಸಿಯ ಸುಪ್ರೀಂ ಕೋರ್ಟು ಆ ಗೆಲುವನ್ನು ರದ್ದುಮಾಡಿತು. ಅಷ್ಟರಲ್ಲಿ ಅವರ ಲೇಖನಿ ಹರಿತವಾಗಿತ್ತು. ಮೆಂಫಿಸ್ಸಿನ 'ಫ್ರೀ ಸ್ಪೀಚ್' ಪತ್ರಿಕೆಗೆ ಪಾಲುದಾರರೂ ಸಂಪಾದಕಿಯೂ ಆದರು.

1892ರ ಮಾರ್ಚಿನಲ್ಲಿ ಅದೇ ಊರಿನ ಮೂವರು ಕರಿಯರನ್ನು ಗುಂಪೊಂದು ಜೈಲಿನಿಂದ ಎಳೆದೊಯ್ದು ಗುಂಡಿಟ್ಟು ಕೊಂದಿತು. ಮೂವರೂ ಒಂದು ದಿನಸಿ ಅಂಗಡಿಗೆ ಸೇರಿದವರು. ಎದುರಿಗಿದ್ದ ಬಿಳಿಯ ಅಂಗಡಿಯವನಿಗೆ ಅವರಿಂದ ವ್ಯಾಪಾರ ಕೆಡುತ್ತಿತ್ತು, ಜಗಳದ ಬೇರು ಅಲ್ಲಿತ್ತು. ಸತ್ತವರಲ್ಲಿ ಥಾಮಸ್ ಮಾಸ್ ಐಡಾರ ಆಪ್ತ ಗೆಳೆಯ. ಬಿಳಿಯ ಹೆಂಗಸರ ಮಾನ ಕಾಪಾಡಲೆಂದೇ ಇಂಥ ಕೊಲೆಗಳು ನಡೆಯುತ್ತವೆ ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಸಮರ್ಥನೆ. ಮಾಸ್ ಯಾವ ಹೆಂಗಸಿನ ತಂಟೆಗೂ ಹೋದವನಲ್ಲವಲ್ಲ! ಹಾಗಾದರೆ ಉಳಿದ ಪ್ರಕರಣಗಳು? ಐಡಾ ಊರೂರು ಸುತ್ತಿ, ಸಾಕ್ಷಿಗಳನ್ನು ಮಾತನಾಡಿಸಿ ವಿಚಾರಿಸತೊಡಗಿದರು. ಅತ್ಯಾಚಾರದ ಆರೋಪವಾದರೂ ಇದ್ದದ್ದು ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮಾತ್ರ. ಅದೂ ಬರೀ ಆರೋಪ. ಮೇ ತಿಂಗಳಲ್ಲಿ ಅವರ ಸಂಪಾದಕೀಯ ಪ್ರಕಟವಾಯಿತು. ಅವರು ಊರಲ್ಲಿಲ್ಲದಾಗ ಗುಂಪು ಪತ್ರಿಕಾ ಕಚೇರಿಯನ್ನು ಧ್ವಂಸಮಾಡಿತು, ಮರಳಿದರೆ ಕೊಲ್ಲುತ್ತೇವೆಂಬ ಬೆದರಿಕೆಯೂ ಬಂತು.

1895ರಲ್ಲಿ ಹೊರತಂದ 'ಎ ರೆಡ್ ರೆಕಾರ್ಡ್' ಪುಸ್ತಿಕೆಗೆ ಅಂಕಿಅಂಶಗಳನ್ನು ಆಯ್ದದ್ದು ಬಿಳಿಯರದೇ ಪತ್ರಿಕೆಯಾದ 'ಷಿಕಾಗೊ ಟ್ರಿಬ್ಯೂನ್'ನಿಂದ. ಕರಿಯಳೊಬ್ಬಳು ಕಟ್ಟಿದ ಕಥೆ ಎಂದು ತಳ್ಳಿಹಾಕಲು ಯಾರಿಗೂ ಆಸ್ಪದವಿರಬಾರದು, ನೋಡಿ. ಅವರ ಜಾಣ್ಮೆಗೆ ನಾವು ತಲೆದೂಗುವುದು ಇಲ್ಲಿ.

ಹೆಂಗಸರ ಚಳವಳಿಯೂ ಅವರನ್ನು ಪೂರ್ತಿಯಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. 1913ರ ವಾಷಿಂಗ್ಟನ್ ಮತಾಧಿಕಾರ ಮೆರವಣಿಗೆಯಲ್ಲಿ ಕರಿಯರ ಸಾಲಿನಲ್ಲಿ ಹಿಂದೆ ನಡೆಯಿರೆಂದರು. ಐಡಾ ಒಪ್ಪದೆ, ನಡುದಾರಿಯಲ್ಲಿ ಇಲಿನಾಯ್ಸ್ ತಂಡದ ಬಿಳಿಯ ಮಹಿಳೆಯರ ನಡುವೆ ಸೇರಿ ನಡೆದರು.

1931ರಲ್ಲಿ ತೀರಿಕೊಂಡ ಅವರಿಗೆ ಪುಲಿಟ್ಜರ್ ವಿಶೇಷ ಗೌರವ ಸಂದದ್ದು 2020ರಲ್ಲಿ. ಗುಂಪುಹತ್ಯೆಯನ್ನು ಕೇಂದ್ರ ಸರ್ಕಾರದ ಮಟ್ಟದಲ್ಲಿ ಅಪರಾಧವೆಂದು ಸಾರುವ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚಿನಲ್ಲಿ, ಮೆಂಫಿಸ್ಸಿನ ಆ ಮೂವರು ಸತ್ತು 130 ವರ್ಷಗಳಾದ ಮೇಲೆ.