ಅಮ್ಮ ಅಂದರೆ ಯಾವ ಕಾಯಿಲೆ?

ಕುಂದುರ್ಪಿ ಕಡೆ ಕನ್ನಡ ಶಾಲೆಯಲ್ಲಿ ರಜಾ ಚೀಟಿ ಓದುವುದೇ ಒಂದು ಕೆಲಸ. ಒಬ್ಬ ‘ಅಮ್ಮ ಬಂದಿದೆ’ ಎಂದು ಬರೆಯುತ್ತಾನೆ. ಪಕ್ಕದ ಮನೆಯವಳು ಅದನ್ನೇ ‘ಆಟಲಮ್ಮ’ ಎನ್ನುತ್ತಾಳೆ. ಇಬ್ಬರಿಗೂ ಬಂದಿರುವುದು ಸೀತಾಳೆ ಸಿಡುಬು. ಆದರೆ ದಡಾರ ಬಂದಾಗಲೂ ನಮ್ಮವರು ಅಮ್ಮ ಅಂತಲೇ ಅನ್ನುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ದೊಡ್ಡ ಸಿಡುಬೂ ಅಮ್ಮನೇ. ತೆಲುಗಿನವರು ಅದನ್ನು ಮಶೂಚಿ ಎನ್ನುತ್ತಿದ್ದರು.

ಹೆಸರಿನ ಈ ಗೊಂದಲ ಒಮ್ಮೆ ಪ್ರಾಣದ ಪ್ರಶ್ನೆಯೇ ಆಗಿತ್ತು. 1973ರಿಂದ ಆರೋಗ್ಯ ಕಾರ್ಯಕರ್ತರು ಭಾರತದಲ್ಲಿ ಮನೆಮನೆಗೆ ಹೋಗಿ ಸಿಡುಬು ಹುಡುಕಿದರು. ಕೈಯಲ್ಲಿ ರೋಗಿ ಮಗುವಿನ ಚಿತ್ರವಿದ್ದ ಕಾರ್ಡು. ‘ಅಮ್ಮ ಬಂದಿದೆ’ ಎಂದರೆ ಅವರಿಗೆ ಸಾಲುತ್ತಿರಲಿಲ್ಲ, ಗುಳ್ಳೆ ನೋಡಲೇಬೇಕು. ಮುಖ, ಕೈಕಾಲುಗಳಲ್ಲಿ ಹೆಚ್ಚಿದ್ದು, ಅಂಗೈ ಅಂಗಾಲಿನಲ್ಲೂ ಇದ್ದು, ಎಲ್ಲವೂ ಒಂದೇ ಹದದಲ್ಲಿದ್ದರೆ ಸಿಡುಬು. ಎದೆ ಬೆನ್ನಿನ ಮೇಲೆ ಹೆಚ್ಚಿದ್ದು, ಕೆಲವು ಹೊಸತು ಕೆಲವು ಒಣಗಿದ್ದು ಹೀಗೆ ಬೆರೆತಿದ್ದರೆ ಸೀತಾಳೆ. ತಪ್ಪಿ ಸೀತಾಳೆ ಎಂದು ಬರೆದುಬಿಟ್ಟರೆ ಒಂದು ಊರಿಗೆ ಊರೇ ಅಪಾಯದಲ್ಲಿ. ಸುದ್ದಿ ಕೊಟ್ಟವರಿಗೆ ಬಹುಮಾನವೂ ಇತ್ತು, ಕೊನೆಗೆ ಅದು 1000 ರೂಪಾಯಿಗೆ ಏರಿತು. 1975ರ ಮೇ ತಿಂಗಳಿಗೆ ಭಾರತದಲ್ಲಿ ಸಿಡುಬು ಮುಗಿಯಿತು. 1980ರಲ್ಲಿ ಲೋಕದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಈ ತೊಂದರೆ ನಮ್ಮ ಹಳ್ಳಿಯದು ಮಾತ್ರ ಅಂದುಕೊಳ್ಳಬೇಡಿ. ಒಂದೇ ರೋಗಕ್ಕೆ ಮೂರ್ನಾಲ್ಕು ಹೆಸರು, ಒಂದೇ ಹೆಸರು ಹಲವು ರೋಗಕ್ಕೆ ಎಂದು ಇಂಗ್ಲೆಂಡಿನ ವಿಲಿಯಂ ಫಾರ್ 1839ರಲ್ಲೇ ದೂರಿದ್ದ. ಫ್ರಾನ್ಸಿನ ಬರ್ಟಿಲನ್ ಮಾಡಿದ ಸಾವಿನ ಕಾರಣಗಳ ಪಟ್ಟಿಯನ್ನು 1893ರಲ್ಲಿ ಷಿಕಾಗೋದಲ್ಲಿ ಒಪ್ಪಿಕೊಂಡರು. ಅದೇ ಬೆಳೆದು ಇಂದಿನ ಐಸಿಡಿ ಪಟ್ಟಿಯಾಗಿದೆ.

ಈಗ ಈ ಕೆಲಸಕ್ಕೆ ಕಂಪ್ಯೂಟರ್ ಬಂದಿದೆ. ಅಮೆರಿಕದಲ್ಲಿ 2003ರಲ್ಲಿ ‘ಡಿಸೀಸ್ ಆಂಟಾಲಜಿ’ ಎಂಬ ರೋಗಗಳ ವಂಶವೃಕ್ಷ ಶುರುವಾಯಿತು. ಅದರಲ್ಲಿ ಪ್ರತಿ ರೋಗಕ್ಕೂ ಒಂದು ಸಂಖ್ಯೆ, ಉಳಿದ ಹೆಸರುಗಳೆಲ್ಲ ಅದರ ಅಡಿಯಲ್ಲಿ. ವಿಜ್ಞಾನಿಗಳು ರಕ್ತದ್ದೋ ವೈರಸ್ಸಿನದೋ ಮಾಹಿತಿ ತುಂಬುವ ನಮೂನೆಯಲ್ಲಿ ರೋಗದ ಕಲಂ ಇದ್ದರೆ ಅಲ್ಲಿ ಮನಸ್ಸಿಗೆ ಬಂದದ್ದು ಬರೆಯುವಂತಿಲ್ಲ. ಸಂಖ್ಯೆ ಪಟ್ಟಿಯಲ್ಲಿದೆಯೇ, ಹೆಸರು ಅದಕ್ಕೆ ಹೊಂದುತ್ತದೆಯೇ, ಅದನ್ನು ಕೈಬಿಟ್ಟಿದ್ದಾರೆಯೇ ಎಂದು ತಾಳೆ ನೋಡಿ, ಸರಿಯಿಲ್ಲದಿದ್ದರೆ ಯಂತ್ರ ವಾಪಸು ಕಳಿಸುತ್ತದೆ. ನಮ್ಮ ಹಾಜರಿ ಪುಸ್ತಕಕ್ಕೂ ಇಂಥದ್ದೊಂದು ಇದ್ದರೆ ಚೆನ್ನಾಗಿತ್ತು!

ಆದರೂ ಒಂದು ಪೇಚಿದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡು, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಗೆ ಐಸಿಡಿ ಹತ್ತನೇ ಪಟ್ಟಿಯಲ್ಲಿ ಎ98.2 ಎಂಬ ಸಂಖ್ಯೆ. 2022ರಲ್ಲಿ ‘ಎಂಪಾಕ್ಸ್’ ಎಂದು ಹೆಸರು ಬದಲಾದ ಮಂಕಿಪಾಕ್ಸಿಗೆ ಬಿ04. ಇವೆರಡೂ ಬೇರೆ ರೋಗ. ಮಂಗನ ಕಾಯಿಲೆಯವನ ಚೀಟಿಯಲ್ಲಿ ಯಾರಾದರೂ ಬಿ04 ಎಂದು ಬರೆದರೆ ಯಂತ್ರ ಒಪ್ಪಿಕೊಂಡುಬಿಡುತ್ತದೆ, ಅದು ಪಟ್ಟಿಯಲ್ಲಿರುವ ಸಂಖ್ಯೆಯೇ ತಾನೆ. ಅಲ್ಲಿ ತಪ್ಪು ಹಿಡಿಯಬೇಕಾದವರು ರೋಗಿಯನ್ನು ಕಣ್ಣಾರೆ ನೋಡಿದವರೇ.