ಪ್ರೇಕ್ಷಕ (ರಂಗಭೂಮಿ)

ನಾಟಕವನ್ನು ಎದುರು ಕೂತು ನೋಡುವವ. ತನ್ನ ಸ್ಪಂದನದಿಂದ ಅದರ ಉದ್ದ, ಲಯ, ಕಾವನ್ನು ಬದಲಿಸಬಲ್ಲವ. ಭರತನ ನಾಟ್ಯಶಾಸ್ತ್ರ ಪ್ರಯೋಗದ ಸಿದ್ಧಿಯನ್ನು ಸಭೆಯ ನಗು, ಉದ್ಗಾರ, ರೋಮಾಂಚನಗಳಿಂದಲೇ ಅಳೆಯುತ್ತದೆ. ಕಿಕ್ಕಿರಿದೂ ಸದ್ದಿಲ್ಲದೆ ಕೂತ ಸಭೆಗೆ ಅಲ್ಲಿ ಇನ್ನೂ ಮೇಲಿನ ಸ್ಥಾನ. ಅದು ‘ದೈವಿಕೀ’ ಸಿದ್ಧಿ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿ ಮಂಡಳಿಗಳ ಕಾಲದಲ್ಲಿ ‘ಒನ್ಸ್ ಮೋರ್’ ಎಂಬ ಕೂಗು ಎದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ಹಾರ್ಮೋನಿಯಂ ಮತ್ತೆ ಶ್ರುತಿ ಹಿಡಿಯುತ್ತಿತ್ತು, ನಟ ಅದೇ ಹಾಡನ್ನು ಹೊಸ ಆಲಾಪದೊಂದಿಗೆ ಹಾಡುತ್ತಿದ್ದ. ಇದನ್ನು ರಸಭಂಗವೆಂದು ತಳ್ಳಿಹಾಕುವುದು ಸರಿಯಲ್ಲ. ನಟನ ಗಾಯನ ಬೆಳೆದದ್ದೇ ಈ ಒತ್ತಾಯದಲ್ಲಿ.

ಬಯಲುಸೀಮೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಊರವರೇ ಪಾತ್ರಧಾರಿಗಳು, ನೆಂಟರಿಷ್ಟರೇ ಪ್ರೇಕ್ಷಕರು. ‘ಕುರುಕ್ಷೇತ್ರ’ದ ಪದ್ಯಗಳು ಬಾಯಿಪಾಠವಿರುವ ಹಿರಿಯರು ಮುಂದಿನ ಸಾಲಿನಲ್ಲಿದ್ದರೆ ತಪ್ಪು ಮುಚ್ಚಿಕೊಳ್ಳುವುದು ಕಷ್ಟ. ಮೆಚ್ಚಿದ ಪಾತ್ರಕ್ಕೆ ವೇದಿಕೆಯ ಮೇಲೇ ಹಾರ ಬೀಳುತ್ತದೆ.

ಹಳ್ಳಿಯ ಪ್ರೇಕ್ಷಕರು ಸೇರುವ ಒಂದು ದೊಡ್ಡ ರಂಗಕೇಂದ್ರ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿನ ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ರೈತ ಕುಟುಂಬಗಳು ಪ್ರತಿವರ್ಷದ ನಾಟಕೋತ್ಸವ ನೋಡುತ್ತವೆ. ಅಲ್ಲಿನ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ಶಿವಸಂಚಾರ ನಾಟಕ ತಿರುಗಾಟವು ಊರೂರಿಗೆ ಹೋಗಿ ಪ್ರೇಕ್ಷಕರನ್ನು ಕಂಡುಕೊಳ್ಳುತ್ತದೆ.