ಬನ್ನಿನೊಳಗೆ ಎರಡು ಸಾಮ್ರಾಜ್ಯ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಗರಗಳಲ್ಲಿ ರಸ್ತೆ ಬದಿಗೆ ಬಂದು ನಿಲ್ಲುವ ಫುಡ್ ಟ್ರಕ್ಕುಗಳ ಪೈಕಿ ಫಿಲಿಪ್ಪೀನ್ಸ್ ರುಚಿಯ ಸ್ಯಾಂಡ್‌ವಿಚ್ ಮಾರುವವೂ ಇವೆ. ಅಂಗೈಯಗಲದ ಮೆತ್ತನೆಯ ಬನ್ನು, ಒಳಗೆ ವಿನೆಗರ್ ಮತ್ತು ಬೆಳ್ಳುಳ್ಳಿಯಲ್ಲಿ ಬೆಂದ ಮಾಂಸ, ಅದರ ಮೇಲೆ ಹುಳಿ-ಸಿಹಿ ಹಿಡಿಸಿದ ಹಸಿ ಪರಂಗಿಕಾಯಿಯ ತುರಿ, ಒಮ್ಮೊಮ್ಮೆ ಬಾಳೆಹಣ್ಣಿನ ಕೆಚಪ್. ಕೊಳ್ಳುವವರಿಗೆ ಇದು ಹೊಸ ರುಚಿ. ಆದರೆ ಇದರ ಒಂದೊಂದು ಪದರದ ಹಿಂದೆಯೂ ಒಂದೊಂದು ಚರಿತ್ರೆಯಿದೆ. ಪಾಂಡಿತ್ಯದ ಗ್ರಂಥಗಳು ಹೇಳುವಷ್ಟೇ ಸ್ಪಷ್ಟವಾಗಿ ಅಡುಗೆಯೂ ಅದನ್ನು ಹೇಳುತ್ತದೆ.

ಬನ್ನಿನಿಂದಲೇ ಆರಂಭಿಸಬಹುದು. ಏಳು ಸಾವಿರಕ್ಕೂ ಮಿಕ್ಕಿದ ದ್ವೀಪಗಳ ಫಿಲಿಪ್ಪೀನ್ಸ್ ಅನ್ನದ ನಾಡು. ಅಲ್ಲಿನ ಉಷ್ಣ ಹವೆಗೆ ಗೋಧಿ ಒಗ್ಗುವುದಿಲ್ಲ. 1521ರಲ್ಲಿ ಮೆಗಲನ್ ಅಲ್ಲಿಗೆ ತಲುಪಿ ಮಕ್ತಾನ್ ದ್ವೀಪದ ಕಾಳಗದಲ್ಲಿ ಮಡಿದ. 1565ರಲ್ಲಿ ಲೆಗಾಸ್ಪಿ ಸೆಬು ದ್ವೀಪದಲ್ಲಿ ಸ್ಪೇನಿನ ಮೊದಲ ನೆಲೆ ಸ್ಥಾಪಿಸಿದ. 1571ರಲ್ಲಿ ಮನಿಲಾ ರಾಜಧಾನಿಯಾಯಿತು. ಕ್ರೈಸ್ತ ಪೂಜೆಯ ಪ್ರಸಾದಕ್ಕೆ ಗೋಧಿಯ ರೊಟ್ಟಿಯೇ ಆಗಬೇಕಿದ್ದುದರಿಂದ ಪಾದ್ರಿಗಳ ಜೊತೆಗೆ ಗೋಧಿಯೂ ಬಂತು. ಇಂದು ಮನೆಮನೆಯ ಬೆಳಗಿನ ತಿಂಡಿಯಾಗಿರುವ ಪಾಂಡೆಸಾಲ್‌ನ ಹೆಸರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಉಪ್ಪಿನ ರೊಟ್ಟಿ' ಎಂದರ್ಥ. ರುಚಿ ಮಾತ್ರ ತುಸು ಸಿಹಿ. ಗೋವಾ ಮತ್ತು ನಮ್ಮ ಕರಾವಳಿಗೆ ಪೋರ್ಚುಗೀಸರಿಂದ ಬಂದ 'ಪಾವ್' ಇದರ ಹತ್ತಿರದ ನೆಂಟ.

ಹೆಸರಷ್ಟೇ ಪರಕೀಯ

ಒಳಗಿನ ಮಾಂಸದ ಕಥೆ ಬೇರೆ. 'ಅಡೋಬೊ' ಎಂಬುದು ಸ್ಪ್ಯಾನಿಷ್ ಪದವಾದರೂ ಅಡುಗೆ ಸ್ಪೇನಿನದಲ್ಲ. ತೆಂಗು, ತಾಳೆ ಜಾತಿಯ ಮರಗಳ ರಸವನ್ನು ಹುಳಿಸಿ ಮಾಡಿದ ವಿನೆಗರ್‌ನಲ್ಲಿ ಮಾಂಸ ಬೇಯಿಸಿದರೆ ಬಿಸಿಲಿನ ನಾಡಿನಲ್ಲೂ ಅದು ಬೇಗ ಕೆಡುವುದಿಲ್ಲ. ಸ್ಪೇನಿನವರು ಬರುವ ಮುನ್ನವೇ ದ್ವೀಪವಾಸಿಗಳು ಇದನ್ನು ಬಲ್ಲವರಾಗಿದ್ದರು. 1613ರಲ್ಲಿ ಟಗಾಲೊಗ್ ಭಾಷೆಯ ನಿಘಂಟು ರಚಿಸಿದ ಪಾದ್ರಿ ಪೆದ್ರೊ ದೆ ಸಾನ್ ಬುಯೆನಾವೆಂತೂರಾ, ಈ ಬಗೆಯ ಅಡುಗೆಯನ್ನು 'ಸ್ಥಳೀಯರ ಅಡೋಬೊ' ಎಂದು ಕರೆದ. ಗೋವಾದ ವಿಂದಾಲೂ ಪೋರ್ಚುಗೀಸರ ಅಡುಗೆ, ಭಾರತದ ಮಸಾಲೆ ಸೇರಿ ನಮ್ಮದಾಯಿತು. ಅಡೋಬೊದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು: ಅಡುಗೆ ನೆಲದ್ದು, ಹೆಸರು ದೊರೆಗಳದು. ಸೋಯಾ ಸಾಸ್ ಮಾತ್ರ ಚೀನೀ ವರ್ತಕರ ಕೊಡುಗೆ. ಪರಂಗಿಕಾಯಿಯ ಉಪ್ಪಿನಕಾಯಿಗೆ ಅವರು 'ಅಚಾರಾ' ಎನ್ನುತ್ತಾರೆ; ಅದು ನಮಗೂ ಪರಿಚಿತವಾದ 'ಅಚಾರ್' ಪದದ ಬಳಗದ್ದೇ.

1898ರಲ್ಲಿ ಯುದ್ಧ ಸೋತ ಸ್ಪೇನ್, ಎರಡು ಕೋಟಿ ಡಾಲರ್ ಪಡೆದು ದ್ವೀಪಗಳನ್ನು ಅಮೆರಿಕಕ್ಕೆ ಒಪ್ಪಿಸಿತು. ಅಮೆರಿಕನ್ನರೊಂದಿಗೆ ಡಬ್ಬಿ ಆಹಾರ, ಕೆಚಪ್, ಸ್ಯಾಂಡ್‌ವಿಚ್ ಬಂದವು. ಬಾಳೆಹಣ್ಣಿನ ಕೆಚಪ್ಪಿನ ಶ್ರೇಯ ಸಲ್ಲುವುದು ಮರಿಯಾ ಒರೋಸಾ ಎಂಬ ಆಹಾರ ವಿಜ್ಞಾನಿಗೆ. ಅಮೆರಿಕದಲ್ಲಿ ರಸಾಯನಶಾಸ್ತ್ರ ಓದಿ ತಾಯ್ನಾಡಿಗೆ ಮರಳಿದ ಆಕೆ, ಆಮದಿನ ಹಂಗಿಲ್ಲದೆ ಸ್ಥಳೀಯ ಬೆಳೆಗಳಿಂದಲೇ ಆಹಾರ ಸಿದ್ಧಪಡಿಸಲು ಶ್ರಮಿಸಿದರು. ಟೊಮೆಟೊ ಬದಲು ಬಾಳೆಹಣ್ಣು ಬಳಸಿದ್ದು ಈ ಪ್ರಯತ್ನದ ಫಲ. 1945ರ ಫೆಬ್ರವರಿಯಲ್ಲಿ ಮನಿಲಾ ನಗರಕ್ಕಾಗಿ ಜಪಾನ್ ಮತ್ತು ಅಮೆರಿಕದ ಸೇನೆಗಳು ಕಾದಾಡಿದಾಗ ಶೆಲ್ ದಾಳಿಗೆ ಸಿಕ್ಕಿ ಆಕೆ ಮಡಿದರು.

ಮರೆಯಲ್ಲೇ ಉಳಿದ ಅಡುಗೆ

ಹಾಗಾದರೆ ಈ ಅಡುಗೆ ಅಮೆರಿಕದ ಬೀದಿಗೆ ಬರಲು ಇಷ್ಟು ತಡವಾದದ್ದೇಕೆ? ಫಿಲಿಪ್ಪೀನ್ಸ್ ಜನ ಅಲ್ಲಿಗೆ ಹೊಸಬರೇನಲ್ಲ. 1906ರಲ್ಲಿ 15 ಮಂದಿ ಹವಾಯಿಯ ಕಬ್ಬಿನ ತೋಟಗಳಿಗೆ ದುಡಿಯಲು ಹೋದರು. 1920ರ ದಶಕದಲ್ಲಿ ಸಾವಿರಾರು ಯುವಕರು ಕ್ಯಾಲಿಫೋರ್ನಿಯಾದ ಹೊಲಗಳನ್ನು ಸೇರಿದರು. ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರು. 1930ರಲ್ಲಿ ವಾಟ್ಸನ್‌ವಿಲ್ ಪಟ್ಟಣದಲ್ಲಿ ಅವರ ಮೇಲೆ ದಾಳಿಗಳು ನಡೆದವು. 1933ರಲ್ಲಿ ಕ್ಯಾಲಿಫೋರ್ನಿಯಾ ಅವರು ಬಿಳಿಯ ಹೆಣ್ಣನ್ನು ಮದುವೆಯಾಗದಂತೆ ಕಾನೂನು ತಂದಿತು. 1934ರ ಕಾಯ್ದೆ ವಲಸೆಯನ್ನು ವರ್ಷಕ್ಕೆ 50 ಜನಕ್ಕೆ ಇಳಿಸಿತು. ಸಂಸಾರ ಹೂಡಲು, ಅಂಗಡಿ ತೆರೆಯಲು ಅವಕಾಶವಿಲ್ಲದವರ ಅಡುಗೆ ಬಾಡಿಗೆ ಕೋಣೆಯ ಒಲೆಯಾಚೆಗೆ ಹೋಗುವುದಾದರೂ ಹೇಗೆ? 1946ರ ಜುಲೈನಲ್ಲಿ ಜಾರಿಗೆ ಬಂದ ಕಾಯ್ದೆಯೊಂದು ಫಿಲಿಪ್ಪೀನ್ಸಿನವರಿಗೂ ಭಾರತೀಯರಿಗೂ ಒಟ್ಟಿಗೇ ಪೌರತ್ವದ ಬಾಗಿಲು ತೆರೆಯಿತೆಂಬುದನ್ನು ನಾವು ನೆನೆಯಬೇಕು. ಆಗಲೂ ವಲಸೆಗೆ ತಲಾ 100 ಜನರ ಮಿತಿಯಿತ್ತು.

1965ರ ಸೆಪ್ಟೆಂಬರ್‌ನಲ್ಲಿ ಡೆಲಾನೊದ ದ್ರಾಕ್ಷಿ ತೋಟಗಳಲ್ಲಿ ಲ್ಯಾರಿ ಇಟ್ಲಿಯಾಂಗ್ ನೇತೃತ್ವದಲ್ಲಿ ಮುಷ್ಕರ ಹೂಡಿದವರು ಈ ಹಳೆಯ ತಲೆಮಾರಿನವರೇ. ಸೀಸರ್ ಚಾವೆಜ್ ಅವರ ಮೆಕ್ಸಿಕನ್ ಕಾರ್ಮಿಕರು ಅವರನ್ನು ಬಳಿಕ ಸೇರಿಕೊಂಡರು. ಅದೇ ವರ್ಷದ ಹೊಸ ವಲಸೆ ಕಾಯ್ದೆಯ ನಂತರ ನರ್ಸುಗಳು, ವೈದ್ಯರು ಬರತೊಡಗಿದರು. ಇಂಗ್ಲಿಷ್ ಬಲ್ಲ ಇವರಿಗೆ ಸಂಬಳದ ಕೆಲಸ ಸಿಕ್ಕಿತು. ಹೊಟ್ಟೆಪಾಡಿಗಾಗಿ ಹೋಟೆಲು ತೆರೆಯುವ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಮನೆಯಲ್ಲಿ, ಹಬ್ಬದ ಪಂಕ್ತಿಯಲ್ಲಿ ಅಡೋಬೊ ಇತ್ತು. ಬೀದಿಯಲ್ಲಿ ಕಾಣುವುದು ಅಪರೂಪವಾಗಿತ್ತು.

ಪರಿಸ್ಥಿತಿ ಬದಲಾಗಲು ಆರ್ಥಿಕ ಹಿಂಜರಿತವೂ ಒಂದು ಕಾರಣವಾಯಿತು. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೊರಿಯಾದ ಮಾಂಸವನ್ನು ಮೆಕ್ಸಿಕೋದ ಟಾಕೊದಲ್ಲಿ ಸುತ್ತಿಕೊಟ್ಟ 'ಕೋಗಿ' ಎಂಬ ಟ್ರಕ್ ಹೆಸರು ಮಾಡಿತು. ಅದರ ಅಡುಗೆಯ ಹೊಣೆ ಕೊರಿಯಾ ಮೂಲದ ರಾಯ್ ಚೊಯಿ ಅವರದು. ಜೊತೆಗಾರರಲ್ಲಿ ಒಬ್ಬರಾದ ಮಾರ್ಕ್ ಮಂಗೇರಾ ಫಿಲಿಪ್ಪೀನ್ಸ್ ಮೂಲದವರು. ಹೋಟೆಲಿಗೆ ಬೇಕಾದಷ್ಟು ಬಂಡವಾಳ ಟ್ರಕ್ಕಿಗೆ ಬೇಡ, ನಷ್ಟವಾದರೂ ತಡೆದುಕೊಳ್ಳಬಹುದು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಸೆನ್ಯೋರ್ ಸಿಸಿಗ್' ಟ್ರಕ್ ಆರಂಭವಾಯಿತು. ಹೆಸರಿನಲ್ಲಿರುವ ಸಿಸಿಗ್, ಹಂದಿಯ ತಲೆಮಾಂಸವನ್ನು ಕೊಚ್ಚಿ ಹುರಿದು ಹುಳಿ ಹಿಂಡುವ ಪಂಪಾಂಗಾ ಪ್ರಾಂತ್ಯದ ಖಾದ್ಯ. ಅಲ್ಲಿನ ಅಮೆರಿಕನ್ ವಾಯುನೆಲೆಯ ಅಡುಗೆಮನೆ ಬೇಡವೆಂದು ಬಿಟ್ಟ ತಲೆಗಳೇ ಇದರ ಇಂದಿನ ರೂಪಕ್ಕೆ ಮೂಲವೆಂದು ಹೇಳುವುದುಂಟು.

ಟ್ರಕ್ಕಿನ ಸ್ಯಾಂಡ್‌ವಿಚ್ 'ಅಪ್ಪಟ' ಫಿಲಿಪ್ಪೀನ್ಸ್ ಅಡುಗೆಯಲ್ಲವೆಂದು ಮೂಗು ಮುರಿಯುವವರಿದ್ದಾರೆ. ಆದರೆ ಸ್ಪೇನಿನ ರೊಟ್ಟಿ, ಚೀನಾದ ಸೋಯಾ, ಅಮೆರಿಕದ ಕೆಚಪ್ ಎಲ್ಲವನ್ನೂ ತನ್ನ ಹುಳಿಗೆ ಒಗ್ಗಿಸಿಕೊಂಡು ಬಂದ ಅಡುಗೆಗೆ ಬೆರಕೆಯೇ ಪರಂಪರೆ. ಆಳಿದವರ ಆಹಾರವನ್ನು ತನ್ನದಾಗಿಸಿಕೊಂಡ ಜನ, ಅದನ್ನೇ ಆಳಿದವರ ಬೀದಿಯಲ್ಲಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದಾರೆ. ಹೊಲದ ಕೂಲಿಗಳಾಗಿ ಬಂದ ಮೊದಲ ತಲೆಮಾರಿಗೆ ಆ ಬೀದಿಯಲ್ಲಿ ನಿಂತು ವ್ಯಾಪಾರ ಮಾಡುವುದು ಸುಲಭದ ಮಾತಾಗಿರಲಿಲ್ಲ.